ಆರಂಭ ಶಿಲ್ಕು: ತಲಕಾಡಿನ ಜಿನಾಲಯದ ತಾಮ್ರಪಟವೂ ಸಂಶೋಧಕರ ಗೃಹೀತಗಳೂ

ವ್ಯಾಪಾರಸ್ಥನು ಹೊಸ ವರ್ಷದ ಕಿರ್ದಿಯನ್ನು ತೆರೆದು, ಪಂಚಪರಮೇಷ್ಠಿಗಳನ್ನು ಸ್ಮರಿಸಿ, ಮೊದಲ ಪುಟದಲ್ಲಿ ಬರೆಯುವ ಮೊದಲನೆಯ ಸಾಲು ಆರಂಭ ಶಿಲ್ಕಿನದು. ಆ ವರ್ಷದ ಉಳಿದ ಜಮಾ ಖರ್ಚುಗಳಿಗೆಲ್ಲ ರಸೀದಿ ಇರುತ್ತದೆ, ಚೀಟಿ ಇರುತ್ತದೆ, ಕೊಟ್ಟವರ ಇಲ್ಲವೇ ಪಡೆದವರ ರುಜು ಇರುತ್ತದೆ. ಆರಂಭ ಶಿಲ್ಕಿಗೆ ಮಾತ್ರ ಆ ಪುಸ್ತಕದೊಳಗೆ ಯಾವ ಆಧಾರವೂ ಇರುವುದಿಲ್ಲ. ಅದು ಹಿಂದಿನ ಪುಸ್ತಕದಿಂದ ಎತ್ತಿಕೊಂಡು ಬಂದದ್ದು. ಅದರಲ್ಲಿ ತಪ್ಪಿದ್ದರೆ ವರ್ಷವಿಡೀ ಕೂಡಿದ್ದು ಕಳೆದದ್ದು ಎಲ್ಲವೂ ಸರಿಯಾಗಿದ್ದರೂ ಅಖೈರು ಶಿಲ್ಕು ತಪ್ಪಾಗಿಯೇ ಬರುತ್ತದೆ. ತಿರುಮಕೂಡಲು ನರಸೀಪುರದಲ್ಲಿ ನಾಲ್ಕು ದಶಕಗಳ ಕಾಲ ಬತ್ತ, ದಿನಸಿಗಳ ವ್ಯಾಪಾರ ಮಾಡಿಕೊಂಡು ಬಂದ ನನಗೆ ವಾಣಿಜ್ಯ ಪದವಿಯ ತರಗತಿಯಲ್ಲಿ ಕಲಿತ ಪಾಠಗಳಲ್ಲಿ ಹೆಚ್ಚು ಕಾಲ ಉಳಿದುಕೊಂಡದ್ದು ಇದೊಂದೇ.

ಇತಿಹಾಸ ಸಂಶೋಧನೆಯ ಗ್ರಂಥಗಳನ್ನು ಓದತೊಡಗಿದ ಮೇಲೆ, ಅಲ್ಲಿಯೂ ಇಂಥದೊಂದು ಆರಂಭ ಶಿಲ್ಕು ಇರುತ್ತದೆಂಬುದು ನನಗೆ ಕ್ರಮೇಣ ಮನದಟ್ಟಾಯಿತು. ವಿದ್ವಾಂಸರು ಅದನ್ನು ಗೃಹೀತವೆಂದು ಕರೆಯುತ್ತಾರೆ. ಯಾವುದು ಸಾಕ್ಷ್ಯ, ಯಾವುದು ಸಾಕ್ಷ್ಯವಲ್ಲ. ಹಳೆಯ ಬರಹವನ್ನು ಮೊದಲು ನಂಬಿ ಅನಂತರ ಸಂದೇಹಿಸಬೇಕೇ, ಮೊದಲು ಸಂದೇಹಿಸಿ ಅನಂತರ ನಂಬಬೇಕೇ. ಒಂದು ಭಾಗ ಸುಳ್ಳಾದರೆ ಇಡೀ ಬರಹವೇ ಸುಳ್ಳೇ? ಇವುಗಳಿಗೆ ಉತ್ತರ ಸಂಶೋಧನೆಯಿಂದ ದೊರೆಯುವುದಿಲ್ಲ. ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಸಂಶೋಧಕನು ಕೆಲಸಕ್ಕೆ ತೊಡಗುತ್ತಾನೆ. ನಮ್ಮ ತಾಲ್ಲೂಕಿನ ತಲಕಾಡಿಗೆ ಸೇರಿದ ಒಂದು ತಾಮ್ರಪಟದ ಕಥೆ ಇದಕ್ಕೆ ಉತ್ತಮ ನಿದರ್ಶನವಾಗಿರುವುದರಿಂದಲೂ, ಅದರ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿರುವುದರಿಂದಲೂ, ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ತಾಮ್ರಪಟ ಹೇಳುವುದೇನು?

ಕಾವೇರಿಯ ದಡದ ತಲಕಾಡು ಶಾಸನಗಳಲ್ಲಿ ತಳವನಪುರ, ತಳವನನಗರ ಎಂದು ಕರೆಸಿಕೊಂಡಿದೆ. ಗಂಗ ಅರಸರು ಮೊದಲು ಕುವಳಾಲದಿಂದಲೂ, ಅಂದರೆ ಇಂದಿನ ಕೋಲಾರದಿಂದಲೂ, ಅನಂತರ ತಲಕಾಡಿನಿಂದಲೂ ಸುಮಾರು ಆರು ಶತಮಾನಗಳ ಕಾಲ ರಾಜ್ಯವಾಳಿದರು. 11ನೆಯ ಶತಮಾನದ ಆರಂಭದಲ್ಲಿ ಊರು ಚೋಳರ ವಶವಾಗಿ ರಾಜರಾಜಪುರವೆನಿಸಿತು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದು 'ತಲಕಾಡುಗೊಂಡ' ಎಂಬ ಬಿರುದನ್ನು ಧರಿಸಿದನು. ಇಂದು ಅಲ್ಲಿಗೆ ಹೋದವರು ಮರಳ ದಿಬ್ಬಗಳ ನಡುವೆ ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ದೇವಾಲಯಗಳನ್ನು ನೋಡಿ ಬರುತ್ತಾರೆ. ಶ್ರೀವಿಜಯ ಜಿನಾಲಯವೆಂಬ ಹೆಸರಿನ ಬಸದಿಯೊಂದು ಅಲ್ಲಿ ಇಂದು ದರ್ಶನಕ್ಕೆ ಸಿಗುವುದಿಲ್ಲ.

ಆದರೆ ಆ ಹೆಸರು ಮಡಿಕೇರಿಯಲ್ಲಿ ದೊರೆತ ತಾಮ್ರಪಟಗಳಲ್ಲಿದೆ. ವಿದ್ವಾಂಸರು ಇವನ್ನು ಮರ್ಕರಾ ತಾಮ್ರಪಟಗಳೆಂದು ಕರೆಯುತ್ತಾರೆ. ಗಂಗ ಅರಸರ ವಂಶಾವಳಿಯನ್ನು ಅವಿನೀತನವರೆಗೆ ಹೇಳಿ, ತಳವನನಗರದ ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆ ಎಂಬ ಗ್ರಾಮವನ್ನು ದಾನ ಕೊಟ್ಟ ಸಂಗತಿಯನ್ನು ಅವು ತಿಳಿಸುತ್ತವೆ. ದಾನವನ್ನು ಪಡೆದ ಮುನಿಗಳ ಗುರುಪರಂಪರೆಯನ್ನು ಹೇಳುವಾಗ ಅವರು ಕೊಂಡಕುಂದಾನ್ವಯಕ್ಕೆ ಸೇರಿದವರೆಂದು ನಿರೂಪಿಸುತ್ತವೆ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲಿನಲ್ಲಿ ಕುಳಿತವರು ಬದನಗುಪ್ಪೆ ಎಂಬ ನಿಲ್ದಾಣವನ್ನು ಈಗಲೂ ಕಾಣಬಹುದು. ಆ ಊರನ್ನೇ ವಿದ್ವಾಂಸರು ಶಾಸನೋಕ್ತ ಗ್ರಾಮವೆಂದು ಗುರುತಿಸಿದ್ದಾರೆ.

ತಾಮ್ರಪಟದ ಕಾಲ 388ನೆಯ ವರ್ಷ. ಯಾವ ಶಕೆಯ 388 ಎಂಬುದನ್ನು ಅದು ಹೇಳುವುದಿಲ್ಲ. ಶಾಲಿವಾಹನ ಶಕವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ಸ್ಮರಣ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವ 466 ಎಂಬ ಅಂಕಿ ತಾಮ್ರದ ಮೇಲೆ ಇಲ್ಲ. 388 ಎಂಬ ಅಂಕಿಗೆ ನಾವು ಕೂಡಿಸಿದ 78ರಿಂದ ಅದು ಹುಟ್ಟಿದೆ. ಕೂಡಿಸಿದ್ದು ಸರಿಯಿರಬಹುದು, ಆದರೆ ಕೂಡಿಸಿದವರು ನಾವು.

ಇಬ್ಬರು ವಿದ್ವಾಂಸರು, ಎರಡು ಆರಂಭ ಶಿಲ್ಕುಗಳು

ಈ ತಾಮ್ರಪಟಗಳನ್ನು ಪ್ರಕಟಿಸಿ ನಮಗೆ ಪರಿಚಯಿಸಿದವರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಅವರು ಮೊದಲು ಶಿಕ್ಷಣ ಇಲಾಖೆಯಲ್ಲಿದ್ದು, ಮುಂದೆ ಮೈಸೂರು ಸಂಸ್ಥಾನದ ಪ್ರಾಚ್ಯ ಸಂಶೋಧನ ಇಲಾಖೆಯ ಮುಖ್ಯಸ್ಥರಾದರು. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಅವರ ದುಡಿಮೆಯ ಫಲ. ನಮ್ಮ ತಿ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳು 1894ರಲ್ಲಿ ಹೊರಬಂದ ಮೂರನೆಯ ಸಂಪುಟದಲ್ಲಿವೆ. ರೈಸ್ ಅವರು ಗಂಗರ ತಾಮ್ರಪಟಗಳನ್ನು ಬಹುಮಟ್ಟಿಗೆ ಪ್ರಾಮಾಣಿಕವೆಂದು ಅಂಗೀಕರಿಸಿ, ಅವುಗಳ ಆಧಾರದ ಮೇಲೆ ಗಂಗವಂಶದ ಇತಿಹಾಸವನ್ನು ಕಟ್ಟಿದರು.

ಇದನ್ನು ಬಲವಾಗಿ ವಿರೋಧಿಸಿದವರು ಜಾನ್ ಫೇಯ್ತ್‌ಫುಲ್ ಫ್ಲೀಟ್. ಬೊಂಬಾಯಿ ಪ್ರಾಂತದ ಸಿವಿಲ್ ಸೇವೆಯಲ್ಲಿದ್ದು, ಕನ್ನಡ ಜಿಲ್ಲೆಗಳ ಅರಸುಮನೆತನಗಳ ಇತಿಹಾಸವನ್ನು ಬರೆದ, ಗುಪ್ತರ ಶಾಸನಗಳನ್ನು 1888ರಲ್ಲಿ ಸಂಪಾದಿಸಿದ ಮಹಾವಿದ್ವಾಂಸರು ಅವರು. ಗಂಗರ ಪ್ರಾಚೀನ ತಾಮ್ರಪಟಗಳು ಕೂಟಶಾಸನಗಳೆಂದೂ, ಅವುಗಳಲ್ಲಿನ ವಂಶಾವಳಿ ಕಲ್ಪಿತವೆಂದೂ ಅವರು ವಾದಿಸಿದರು. 1901ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಭಾರತದ ಕೂಟಶಾಸನಗಳ ದೀರ್ಘವಾದ ಪಟ್ಟಿಯನ್ನೇ ಪ್ರಕಟಿಸಿದರು.

ಮರ್ಕರಾ ತಾಮ್ರಪಟಗಳ ಮೇಲಿನ ಸಂದೇಹಗಳು ಬಲವಿಲ್ಲದವಲ್ಲ. ಒಂದು, ಲಿಪಿಯು ಶಾಸನ ಹೇಳಿಕೊಳ್ಳುವ ಕಾಲಕ್ಕಿಂತ ಬಹಳ ಈಚಿನದಾಗಿ ಕಾಣುತ್ತದೆ. ಎರಡು, ಅದರಲ್ಲಿ ಅಕಾಲವರ್ಷ ಪೃಥ್ವೀವಲ್ಲಭನ ಮಂತ್ರಿಯ ಉಲ್ಲೇಖವಿದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟರ ಕೃಷ್ಣರಾಜರಿಗಿದ್ದ ಬಿರುದು. ರಾಷ್ಟ್ರಕೂಟರು ಪ್ರಬಲರಾದದ್ದೇ 8ನೆಯ ಶತಮಾನದ ನಡುಭಾಗದಲ್ಲಿ. ಐದನೆಯ ಶತಮಾನದ ಪತ್ರದಲ್ಲಿ ಆ ಹೆಸರು ಹೇಗೆ ಬಂದಿತು? ಮೂರು, ಗಂಗ ಯುವರಾಜ ಮಾರಸಿಂಹನ ಸೇನಾಪತಿಯಾದ ಶ್ರೀವಿಜಯನೆಂಬುವನು ಮಾನ್ಯಪುರದಲ್ಲಿ, ಅಂದರೆ ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ, ಜಿನಾಲಯವನ್ನು ಕಟ್ಟಿಸಿದ ಸಂಗತಿ 797ರ ಶಾಸನದಲ್ಲಿದೆ. ತಲಕಾಡಿನ ಜಿನಾಲಯದ ಹೆಸರು ಕೂಡ ಆ ಕಾಲಕ್ಕೆ ಹೆಚ್ಚು ಹೊಂದಿಕೊಳ್ಳುತ್ತದೆ.

ಇಬ್ಬರ ಕೈಯಲ್ಲಿಯೂ ಇದ್ದದ್ದು ಅದೇ ತಾಮ್ರ, ಅದೇ ಅಕ್ಷರ. ಅಖೈರಿನಲ್ಲಿ ಮಾತ್ರ ವ್ಯತ್ಯಾಸ. ರೈಸ್ ಅವರ ಆರಂಭ ಶಿಲ್ಕು ಹೀಗಿತ್ತು: ಒಂದು ನಾಡು ತನ್ನ ಬಗ್ಗೆ ತಾನೇ ಬರೆದುಕೊಂಡದ್ದನ್ನು, ವಿರುದ್ಧವಾದ ಸಾಕ್ಷ್ಯ ದೊರೆಯುವವರೆಗೆ, ನಂಬಬೇಕು. ಫ್ಲೀಟ್ ಅವರದು ಇದಕ್ಕೆ ತಿರುಗುಮುರುಗು: ಭೂಮಿಯ ಹಕ್ಕನ್ನು ಹೇಳುವ ಪತ್ರವನ್ನು, ಅನುಕೂಲವಾದ ಸಾಕ್ಷ್ಯ ದೊರೆಯುವವರೆಗೆ, ನಂಬಕೂಡದು. ಒಬ್ಬರು ಈ ನಾಡಿನಲ್ಲಿ ಹುಟ್ಟಿ ಮಕ್ಕಳಿಗೆ ಪಾಠ ಹೇಳಿದವರು, ಮತ್ತೊಬ್ಬರು ಕಂದಾಯದ ಆಡಳಿತವನ್ನು ನೋಡಿಕೊಂಡವರು ಎಂಬುದಕ್ಕೂ ಈ ಮನೋಧರ್ಮಗಳಿಗೂ ಸಂಬಂಧವಿರಬಹುದೆಂದು ನನ್ನ ಊಹೆ. ಅದು ಊಹೆಯೇ ಹೊರತು ನಿರ್ಣಯವಲ್ಲ. ಆದರೆ ಸಾಲ ಕೇಳಲು ಬಂದವನನ್ನು ನೋಡುವ ಕಣ್ಣು ಬೇರೆ, ಮನೆಗೆ ಬಂದ ನೆಂಟನನ್ನು ನೋಡುವ ಕಣ್ಣು ಬೇರೆ ಎಂಬುದನ್ನು ಅಂಗಡಿಯಲ್ಲಿ ಕುಳಿತ ಯಾರೂ ಬಲ್ಲರು.

ಶಿಲ್ಕನ್ನು ತಿದ್ದಿಕೊಂಡ ವಿದ್ವಾಂಸರು

ಈ ವಿವಾದ ಹಲವು ವರ್ಷಗಳ ಕಾಲ ನಡೆಯಿತು. ಕೊನೆಗೆ ಪೆನುಗೊಂಡೆಯಲ್ಲಿ ಗಂಗ ಮಾಧವನ ತಾಮ್ರಪಟಗಳು ದೊರೆತವು. ಗಂಗ ಆರ್ಯವರ್ಮನಿಗೆ ಪಲ್ಲವ ಸಿಂಹವರ್ಮನೂ, ಅವನ ಮಗ ಮಾಧವನಿಗೆ ಪಲ್ಲವ ಸ್ಕಂದವರ್ಮನೂ ಪಟ್ಟಗಟ್ಟಿದ ವಿಷಯ ಅವುಗಳಲ್ಲಿದೆ. ಲಿಪಿಯಾಗಲಿ ಒಳಗಿನ ವಿಷಯವಾಗಲಿ ಸಂದೇಹಕ್ಕೆ ಎಡೆಗೊಡಲಿಲ್ಲ. ಫ್ಲೀಟ್ ಅವರು 1915ರಲ್ಲಿ ಇವು ನಿಜವಾದ ಶಾಸನಗಳೆಂದು ಒಪ್ಪಿ, ಸುಮಾರು ಕ್ರಿ.ಶ. 475ರ ಕಾಲವನ್ನು ಸೂಚಿಸಿದರು. ಆದಿಗಂಗರು ಕಲ್ಪಿತ ವ್ಯಕ್ತಿಗಳೆಂಬ ವಾದ ಅಲ್ಲಿಗೆ ನಿಂತಿತು. ಎರಡು ವರ್ಷಗಳಲ್ಲಿ ಫ್ಲೀಟ್ ತೀರಿಕೊಂಡರು. ದಶಕಗಳ ಕಾಲ ಸಾಧಿಸಿಕೊಂಡು ಬಂದ ವಾದವನ್ನು ಇಳಿವಯಸ್ಸಿನಲ್ಲಿ, ಎದುರು ಪಕ್ಷದವರ ಕಣ್ಣೆದುರಿಗೇ ತಿದ್ದಿಕೊಳ್ಳುವುದು ಸುಲಭದ ಮಾತಲ್ಲ. ಅದನ್ನು ಮಾಡಿದವರನ್ನು ನಮ್ಮ ವೈರಿಗಳೆಂದು ಚಿತ್ರಿಸುವ ಲೇಖನಗಳನ್ನು ಓದಿದಾಗ ನನಗೆ ಖೇದವಾಗುತ್ತದೆ.

ಯೂರೋಪಿನಲ್ಲಿಯೂ ಇಂಥದೇ ಪ್ರಸಂಗವೊಂದು ನಡೆದಿದೆ. 1675ರಲ್ಲಿ ಪಾಪೆಬ್ರೋಕ್ ಎಂಬ ಜೆಸುಯಿಟ್ ವಿದ್ವಾಂಸರು ಬೆನೆಡಿಕ್ಟ್ ಪಂಥದ ಮಠಗಳ ಹಳೆಯ ದಾನಪತ್ರಗಳನ್ನು ಸಂದೇಹಿಸಿದರು. ಆ ಪಂಥದವರೇ ಆದ ಮಾಬಿಲ್ಲೋನ್ ಎಂಬ ಸನ್ಯಾಸಿ ಕೋಪಗೊಳ್ಳಲಿಲ್ಲ. ಪತ್ರ ನಿಜವೇ ಸುಳ್ಳೇ ಎಂಬುದನ್ನು ಲಿಪಿ, ಮುದ್ರೆ, ಭಾಷೆ, ಕಾಲಗಣನೆಗಳಿಂದ ಪರೀಕ್ಷಿಸುವ ಕ್ರಮವನ್ನು ವಿವರಿಸುವ ಬೃಹದ್ಗ್ರಂಥವನ್ನು 1681ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಪಾಪೆಬ್ರೋಕ್ ತಮ್ಮ ತಪ್ಪನ್ನು ಒಪ್ಪಿ ಅಭಿನಂದಿಸಿ ಪತ್ರ ಬರೆದರು. ಇಂದು ಜಗತ್ತಿನೆಲ್ಲೆಡೆ ಶಾಸನಪತ್ರಗಳನ್ನು ಪರೀಕ್ಷಿಸುವ ವಿದ್ಯೆ ಆ ಒಂದು ಸಜ್ಜನಿಕೆಯ ವಿವಾದದಿಂದ ಬೆಳೆದದ್ದು.

ಗಂಗ ಪಲ್ಲವರ ಕಾಲನಿರ್ಣಯದಲ್ಲಿ ನಮಗೆ ಹೆಮ್ಮೆಯನ್ನೂ ವಿಚಾರವನ್ನೂ ತರುವ ಇನ್ನೊಂದು ಸಂಗತಿ ಇದೆ. ಆ ಕಾಲದ ದಕ್ಷಿಣ ದೇಶದ ಇತಿಹಾಸಕ್ಕೆ ಗಟ್ಟಿಯಾದ ಗೂಟವೆಂದು ವಿದ್ವಾಂಸರು ಹಿಡಿದಿರುವುದು 'ಲೋಕವಿಭಾಗ'ವೆಂಬ ಜೈನ ಗ್ರಂಥದ ಕಾಲನಿರ್ದೇಶವನ್ನು. ಸರ್ವನಂದಿ ಮುನಿಗಳ ಹಳೆಯ ಗ್ರಂಥವನ್ನು ಆಧರಿಸಿ ಸಿಂಹಸೂರಿಗಳು ಅದನ್ನು ಸಂಸ್ಕೃತದಲ್ಲಿ ರಚಿಸಿದರು. ಕಾಂಚಿಯ ಸಿಂಹವರ್ಮನ ಆಳ್ವಿಕೆಯ 22ನೆಯ ವರ್ಷ, ಶಕ 380, ಅಂದರೆ ಕ್ರಿ.ಶ. 458 ಎಂಬ ಕಾಲ ಅದರಲ್ಲಿದೆ. ಸರ್ವನಂದಿಗಳ ಮೂಲವು ಕಳೆದುಹೋಗಿದೆ. ಉಳಿದಿರುವುದು ಈಚಿನ ರೂಪಾಂತರ. ಜಂಬೂದ್ವೀಪ, ಲವಣಸಮುದ್ರ, ಜ್ಯೋತಿರ್ಲೋಕಗಳನ್ನು ಕುರಿತು ಗ್ರಂಥ ಹೇಳುವುದನ್ನು ಆಧುನಿಕ ಇತಿಹಾಸಕಾರನು ಭೂಗೋಳವೆಂದು ಸ್ವೀಕರಿಸುವುದಿಲ್ಲ. ಆದರೂ ಕೊನೆಯ ಕಾಲನಿರ್ದೇಶವನ್ನು ಮಾತ್ರ ಕಣ್ಣಿಗೊತ್ತಿಕೊಳ್ಳುತ್ತಾನೆ.

ಇದರಲ್ಲಿ ಅನ್ಯಾಯವಿದೆಯೆಂದು ನಾನು ಹೇಳುವುದಿಲ್ಲ. ಆ ಕಾಲನಿರ್ದೇಶವನ್ನು ಬೇರೆ ಶಾಸನಗಳೊಡನೆ ತಾಳೆ ನೋಡಲಾಗಿದೆ, ಹೊಂದಿಕೊಂಡಿದೆ. ಆದರೆ ಒಂದು ಬರಹದ ಒಂದು ಭಾಗವನ್ನು ಒಪ್ಪಿ ಮತ್ತೊಂದನ್ನು ಬಿಡಬಹುದೆಂದು ಇಲ್ಲಿ ಅಂಗೀಕರಿಸಿದಂತಾಯಿತಷ್ಟೆ? ಹಾಗಿದ್ದಮೇಲೆ ಮರ್ಕರಾ ತಾಮ್ರಪಟದಲ್ಲಿ ಕಾಲ ಸುಳ್ಳಾದರೆ ಊರು, ಬಸದಿ, ಮುನಿಪರಂಪರೆ ಎಲ್ಲವೂ ಸುಳ್ಳೆಂದು ಒಟ್ಟಾರೆ ತಳ್ಳಿಹಾಕುವುದು ಹೇಗೆ ಸರಿಯಾದೀತು? ಕೂಟಶಾಸನವನ್ನು ಬರೆದವನಿಗೂ ಜನ ನಂಬುವಂಥ ಊರಿನ ಹೆಸರು ಬೇಕು, ಇರುವ ಬಸದಿ ಬೇಕು. ಇಲ್ಲದ ಬಸದಿಗೆ ಇಲ್ಲದ ಊರನ್ನು ದಾನ ಬರೆದು ಲಾಭ ಪಡೆಯುವವನು ಯಾರು? ಆದ್ದರಿಂದ ಆ ಪತ್ರ 466ಕ್ಕೆ ಸಾಕ್ಷ್ಯವಾಗದಿದ್ದರೂ, ಅದನ್ನು ಬರೆದ ಕಾಲದಲ್ಲಿ ತಲಕಾಡಿನಲ್ಲಿ ಶ್ರೀವಿಜಯ ಜಿನಾಲಯವಿತ್ತೆಂಬುದಕ್ಕೂ, ಬದಣೆಗುಪ್ಪೆಯ ಮೇಲೆ ಅದು ಹಕ್ಕು ಹೇಳುತ್ತಿತ್ತೆಂಬುದಕ್ಕೂ ಒಳ್ಳೆಯ ಸಾಕ್ಷ್ಯವಾಗಬಲ್ಲದು.

ನಮ್ಮ ಗೃಹೀತವೂ ಒಂದುಂಟು

ಇದುವರೆಗೆ ಪರರ ಆರಂಭ ಶಿಲ್ಕನ್ನು ನೋಡಿದ್ದಾಯಿತು. ಇನ್ನು ನಮ್ಮದನ್ನು ನೋಡಬೇಕು. ಈ ತಾಮ್ರಪಟದ ಮೇಲೆ ನಮ್ಮವರಿಗೆ ಇಷ್ಟು ಅಭಿಮಾನವೇಕೆ? ಅದರಲ್ಲಿ ಕೊಂಡಕುಂದಾನ್ವಯದ ಹೆಸರಿದೆ. ಅದು ಕ್ರಿ.ಶ. 466ರದಾದರೆ, ಅದರಲ್ಲಿ ಹೆಸರಿಸಿರುವ ಗುರುಪರಂಪರೆಗೂ ಹಿಂದೆ ಆಚಾರ್ಯ ಕುಂದಕುಂದರು ಇದ್ದರೆಂದಾಗುತ್ತದೆ. ಡಾ. ಎ. ಎನ್. ಉಪಾಧ್ಯೆಯವರು 1935ರ ತಮ್ಮ 'ಪ್ರವಚನಸಾರ'ದ ಆವೃತ್ತಿಯ ಪೀಠಿಕೆಯಲ್ಲಿ ಅನೇಕ ಆಧಾರಗಳನ್ನು ವಿಮರ್ಶಿಸಿ ಆಚಾರ್ಯರನ್ನು ಕ್ರಿಸ್ತಶಕದ ಆರಂಭಕಾಲಕ್ಕೆ ಇರಿಸಿದರು. ಪ್ರೊ. ಎಂ. ಎ. ಧಾಕಿಯವರು 8ನೆಯ ಶತಮಾನಕ್ಕೆ ತಂದರು. ಇಬ್ಬರೂ ಜೈನ ವಿದ್ಯೆಗೆ ಬಾಳನ್ನು ಸವೆಸಿದವರು. ಇಬ್ಬರ ನಡುವೆ ಏಳು ಶತಮಾನಗಳ ಅಂತರ.

ಈ ಅಂತರವನ್ನು ಕೇಳಿದೊಡನೆ ನಮ್ಮ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತದೆ. ಏಕೆ? ಹಳೆಯದಾದಷ್ಟೂ ಶ್ರೇಷ್ಠ ಎಂಬ ಗೃಹೀತ ನಮ್ಮೊಳಗಿದೆ. ಇದನ್ನು ನಮಗೆ ಯಾವ ಆಗಮ ಕಲಿಸಿತು? ಆತ್ಮದ ಸ್ವರೂಪವನ್ನು ಕುರಿತು 'ಸಮಯಸಾರ'ವು ಹೇಳುವುದು ಒಂದನೆಯ ಶತಮಾನದಲ್ಲಿ ಹೇಳಿದರೆ ಸತ್ಯ, ಎಂಟನೆಯದರಲ್ಲಿ ಹೇಳಿದರೆ ಅಸತ್ಯ ಆಗುವುದೇ? ಬಂಗಾರದ ಬೆಲೆಯನ್ನು ಒರೆಗಲ್ಲು ಹೇಳುತ್ತದೆ. ಪೆಟ್ಟಿಗೆಯಲ್ಲಿ ಎಷ್ಟು ವರ್ಷ ಇತ್ತೆಂಬುದು ಹೇಳುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ಬಸದಿಯೊಂದರ ಪಂಚಕಲ್ಯಾಣದ ಸ್ಮರಣ ಸಂಚಿಕೆಗೆ ತಲಕಾಡಿನ ಜೈನ ಪರಂಪರೆಯನ್ನು ಕುರಿತು ಲೇಖನ ಬರೆದುಕೊಟ್ಟೆ. ಅದರಲ್ಲಿ, ಕ್ರಿ.ಶ. 466ರಲ್ಲಿ ತಲಕಾಡಿನಲ್ಲಿ ಶ್ರೀವಿಜಯ ಜಿನಾಲಯವಿತ್ತೆಂಬುದು ತಾಮ್ರಪಟದಿಂದ ನಿಸ್ಸಂದೇಹವಾಗಿ ಸಿದ್ಧವಾಗುತ್ತದೆಂದು ಬರೆದೆ. ಸಭೆಯಲ್ಲಿ ಚಪ್ಪಾಳೆಯಾಯಿತು. ಇತಿಹಾಸದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದ ನನ್ನ ತಂಗಿಯ ಮಗಳು ಊಟದ ಪಂಕ್ತಿ ಮುಗಿದ ಮೇಲೆ ಬಳಿಗೆ ಬಂದು, "ಮಾವ, ಫ್ಲೀಟ್ ಹೇಳಿದ್ದನ್ನು ನೀವು ಓದಿರಲಿಲ್ಲವೇ?" ಎಂದು ಕೇಳಿದಳು. ಓದಿದ್ದೆನೆಂದೆ. "ಹಾಗಾದರೆ ಏಕೆ ಬರೆಯಲಿಲ್ಲ?" ಎಂದಳು. ಸ್ಮರಣ ಸಂಚಿಕೆಯಲ್ಲಿ ಅದೆಲ್ಲ ಏಕಮ್ಮ ಎಂದೆ. ಅವಳು ಮತ್ತೆ ಏನನ್ನೂ ಕೇಳಲಿಲ್ಲ. ಆದರೆ ಮಾವನ ಮಾತನ್ನು ಆಕೆ ಅಂದಿನಿಂದ ಒಂದು ತೂಕ ಕಡಿಮೆ ಮಾಡಿ ತೂಗುತ್ತಿದ್ದಾಳೆಂದು ನನಗೆ ಅನ್ನಿಸುತ್ತಿದೆ. ಅದು ನ್ಯಾಯವೂ ಹೌದು.

ನಾನು ಬರೆದ ವಾಕ್ಯದಲ್ಲಿ ನಾನೇ ಕಲ್ಪಿಸಿದ ಸುಳ್ಳು ಇರಲಿಲ್ಲ. ರೈಸ್ ಅಂಥವರ ಅಭಿಪ್ರಾಯವೇ ಅದಾಗಿತ್ತು. ಆದರೆ ತಿಳಿದಿದ್ದ ಆಕ್ಷೇಪವನ್ನು ಮುಚ್ಚಿ, 'ನಿಸ್ಸಂದೇಹ' ಎಂಬ ಮಾತನ್ನು ಸೇರಿಸಿದೆ. ಕೊಡಬೇಕಾದ ಸಾಲವನ್ನು ಮರೆಮಾಡಿ ಆಸ್ತಿಯನ್ನು ಮಾತ್ರ ತೋರಿಸುವ ಅಢಾವೆ ಪತ್ರಿಕೆಗೂ ಇದಕ್ಕೂ ಭೇದವೇನು? ಅಂಗಡಿಯ ಲೆಕ್ಕದಲ್ಲಿ ಹಾಗೆ ಮಾಡಲು ಹೆದರುತ್ತಿದ್ದ ನಾನು ಧರ್ಮದ ಲೆಕ್ಕದಲ್ಲಿ ಅದನ್ನು ನಿರಾತಂಕವಾಗಿ ಮಾಡಿದೆ.

ಕೂಟಲೇಖವೂ ಮರುಬರಹವೂ

ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯ ಹೇಳುತ್ತದೆ. ಅವುಗಳಲ್ಲೊಂದು ಕೂಟಲೇಖಕ್ರಿಯಾ: ಇತರರು ಹೇಳದುದನ್ನು, ಮಾಡದುದನ್ನು, ಅವರು ಹೇಳಿದರು ಮಾಡಿದರು ಎಂಬಂತೆ ವಂಚನೆಗಾಗಿ ಬರೆಯುವುದು. ಶಾಸನ ವಿದ್ವಾಂಸರು 'ಕೂಟಶಾಸನ' ಎನ್ನುವಾಗ ಬಳಸುವುದೂ ಅದೇ ಕೂಟ ಎಂಬ ಪದವನ್ನು. ಹೀಗಾಗಿ ಈ ಪ್ರಶ್ನೆ ನಮಗೆ ಬರಿಯ ಪಾಂಡಿತ್ಯದ್ದಲ್ಲ, ವ್ರತದ್ದು.

ಆದರೆ ಈಚಿನ ಲಿಪಿಯಲ್ಲಿರುವ ಹಳೆಯ ಪತ್ರವೆಲ್ಲ ಕೂಟವೇ? ನಾನು ಬಾಲಕನಾಗಿದ್ದಾಗ ನಮ್ಮ ಅಂಗಡಿಯ ಒಂದು ಖಾತೆ ಪುಸ್ತಕಕ್ಕೆ ಗೆದ್ದಲು ಹಿಡಿಯಿತು. ತಂದೆಯವರು ಉಳಿದ ಹಾಳೆ, ಚೀಟಿ, ನೆನಪುಗಳಿಂದ ಅದನ್ನು ಹೊಸ ಪುಸ್ತಕಕ್ಕೆ ಬರೆದರು. ಮೊದಲ ಪುಟದ ನೆತ್ತಿಯಲ್ಲಿ, ಇದು ಗೆದ್ದಲು ತಿಂದ ಪುಸ್ತಕದ ಮರುಬರಹವೆಂದೂ, ನೆನಪಿನಿಂದ ಬರೆದ ಬಾಬುಗಳಿಗೆ ಚುಕ್ಕಿ ಹಾಕಿದೆಯೆಂದೂ ಬರೆದು ರುಜು ಮಾಡಿದರು. ಚುಕ್ಕಿಯಿದ್ದ ಬಾಬಿನ ಬಗ್ಗೆ ರೈತರೊಬ್ಬರು ತಕರಾರು ತೆಗೆದರೆ, ತಂದೆಯವರು ಅವರ ಮಾತನ್ನೇ ನಡೆಸುತ್ತಿದ್ದರು. ಆ ಪುಸ್ತಕ ಕೂಟಲೇಖವಲ್ಲ. ನೆತ್ತಿಯ ಆ ಎರಡು ಸಾಲು ಇಲ್ಲದಿದ್ದರೆ, ಒಳಗಿನ ಅಂಕಿಗಳೆಲ್ಲ ಸತ್ಯವಾಗಿದ್ದರೂ, ಅದು ಕೂಟಲೇಖದ ನೆರೆಮನೆಗೆ ಹೋಗಿಬಿಡುತ್ತಿತ್ತು.

ಲಕ್ಷ್ಮೇಶ್ವರದ ಶಾಸನಶಿಲೆಯೊಂದರಲ್ಲಿ ಗಂಗ ಮಾರಸಿಂಹನ 968ರ ದಾನದೊಡನೆ ಅದಕ್ಕಿಂತ ಹಿಂದಿನ ಚಾಳುಕ್ಯ ಅರಸರ ದಾನಗಳನ್ನೂ ಈಚಿನ ಲಿಪಿಯಲ್ಲಿ ಕೊರೆಯಲಾಗಿದೆ. ಹಳೆಯ ದಾನಗಳನ್ನು ಮುಂದಿನವರು ಹೊಸದಾಗಿ ಬರೆಸಿಕೊಳ್ಳುತ್ತಿದ್ದರೆಂಬುದಕ್ಕೆ ಇಂಥವು ಉದಾಹರಣೆಗಳೆಂದು ಕೆಲವರೂ, ಹಕ್ಕಿಗಾಗಿ ಕಲ್ಪಿಸಿದವೆಂದು ಕೆಲವರೂ ಭಾವಿಸಿದ್ದಾರೆ. ಮರ್ಕರಾ ತಾಮ್ರಪಟವೂ ಸವೆದುಹೋದ ಮೂಲದ ಮರುಬರಹವಾಗಿರಬಹುದು. ಹಕ್ಕಿಗಾಗಿ ಹುಟ್ಟಿಸಿದ ಪತ್ರವೂ ಆಗಿರಬಹುದು. ಅದರ ನೆತ್ತಿಯಲ್ಲಿ ಆ ಎರಡು ಸಾಲು ಇಲ್ಲ. ಬರೆದವನು ನಮ್ಮವನೇ ಆಗಿದ್ದರೂ ಅವನ ಪರವಾಗಿ ಆ ಸಾಲನ್ನು ಇಂದು ನಾವು ಬರೆದುಕೊಡಲಾಗದು.

ನಯವೂ ದುರ್ನಯವೂ

ಗೃಹೀತವಿಲ್ಲದೆ ಸಂಶೋಧನೆ ಸಾಧ್ಯವೇ? ಸಾಧ್ಯವಿಲ್ಲವೆಂದೇ ತೋರುತ್ತದೆ. ಪಾಶ್ಚಾತ್ಯ ಇತಿಹಾಸಕಾರರಲ್ಲಿ ರಾಂಕೆಯಂಥವರು, ನಡೆದದ್ದನ್ನು ನಡೆದಂತೆಯೇ ತೋರಿಸುವುದು ತಮ್ಮ ಕೆಲಸವೆಂದರು. ಅನಂತರದ ಕಾಲಿಂಗ್‌ವುಡ್ ಅವರು, ಪ್ರಶ್ನೆಯನ್ನು ಕೇಳಿಕೊಂಡ ಮೇಲೆಯೇ ಒಂದು ವಸ್ತು ಸಾಕ್ಷ್ಯವಾಗುವುದೆಂದು ತೋರಿಸಿಕೊಟ್ಟರು. ನಮ್ಮ ಆಚಾರ್ಯರು ಇದನ್ನು ನಯವೆಂಬ ಹೆಸರಿನಲ್ಲಿ ಬಹು ಹಿಂದೆಯೇ ವಿವೇಚಿಸಿದ್ದಾರೆ. ಅನಂತಧರ್ಮಾತ್ಮಕವಾದ ವಸ್ತುವನ್ನು ಒಂದು ಅಭಿಪ್ರಾಯದಿಂದ ಗ್ರಹಿಸುವುದು ನಯ. ಗಂಗ ದುರ್ವಿನೀತನಿಗೆ ಗುರುಗಳಾಗಿದ್ದರೆಂದು ಪರಂಪರೆ ಹೇಳುವ ಪೂಜ್ಯಪಾದರು (ಈ ಪರಂಪರೆಯೂ ಪರೀಕ್ಷಿಸಬೇಕಾದ ಆರಂಭ ಶಿಲ್ಕೇ) 'ಸರ್ವಾರ್ಥಸಿದ್ಧಿ'ಯಲ್ಲಿ ನೈಗಮನಯಕ್ಕೆ ಕೊಡುವ ಉದಾಹರಣೆ ದಿನಸಿ ವ್ಯಾಪಾರಿಯಾದ ನನಗೆ ಬಹಳ ಪ್ರಿಯವಾದದ್ದು. ಕೊಡಲಿ ಹಿಡಿದು ಹೊರಟವನೊಬ್ಬನನ್ನು ಎಲ್ಲಿಗೆ ಹೋಗುತ್ತೀಯೆ ಎಂದು ಕೇಳಿದರೆ, ಪ್ರಸ್ಥವನ್ನು ತರಲು ಎನ್ನುತ್ತಾನೆ. ಪ್ರಸ್ಥವೆಂದರೆ ಧಾನ್ಯವನ್ನು ಅಳೆಯುವ ಮರದ ಮಾನ. ಮಾನ ಇನ್ನೂ ಇಲ್ಲ, ಮರವನ್ನೇ ಕಡಿದಿಲ್ಲ. ಆದರೂ ಅವನ ಸಂಕಲ್ಪದಲ್ಲಿ ಅದು ಆಗಲೇ ಇದೆ. ಸಂಶೋಧಕನೂ ಹೀಗೆಯೇ ಕಾಡಿಗೆ ಹೋಗುತ್ತಾನೆ. ಯಾವ ಮಾನವನ್ನು ತರಲು ಹೊರಟಿದ್ದಾನೋ ಅದಕ್ಕೆ ತಕ್ಕ ಮರವೇ ಅವನ ಕಣ್ಣಿಗೆ ಬೀಳುತ್ತದೆ. ಅದು ದೋಷವಲ್ಲ. ತನ್ನ ಕೈಯಲ್ಲಿ ಕೊಡಲಿಯಿದೆಯೆಂಬುದನ್ನು ಮರೆಮಾಡಿ, ಕಾಡಿನಲ್ಲಿ ಇದೊಂದೇ ಮರವಿತ್ತೆಂದು ಹೇಳುವುದು ದೋಷ. ಉಳಿದ ನಯಗಳನ್ನು ನಿರಾಕರಿಸಿದ ನಯವನ್ನು ನಮ್ಮವರು ದುರ್ನಯವೆಂದು ಕರೆದಿರುವುದು ಇದಕ್ಕಾಗಿಯೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅನೇಕಾಂತವೆಂದರೆ ಎಲ್ಲರೂ ಹೇಳುವುದು ಸಮಾನವಾಗಿ ಸರಿ ಎಂದಲ್ಲ. ವಾದದಲ್ಲಿ ಸೋಲು ಕಂಡಾಗ 'ಸ್ಯಾತ್' ಎಂಬ ಪದದ ಮರೆಗೆ ಹೋಗುವ ಅಭ್ಯಾಸ ನಮ್ಮ ಸಭೆಗಳಲ್ಲಿ ಬೆಳೆದಿದೆ. ಸ್ಯಾತ್ ಎಂದರೆ ಯಾವ ಅಪೇಕ್ಷೆಯಿಂದ ಎಂಬುದನ್ನು ಸ್ಪಷ್ಟಪಡಿಸುವ ಹೊಣೆ, ಜಾರಿಕೊಳ್ಳುವ ದಾರಿಯಲ್ಲ. ಅಕಾಲವರ್ಷನ ಹೆಸರು ತಾಮ್ರಪಟದ ಮೇಲೆ ಇದೆ. ಅದಕ್ಕೆ ಸಮಾಧಾನ ಹೇಳುವವರೆಗೆ 466 ಎಂಬ ಕಾಲವನ್ನು ಸಿದ್ಧವೆಂದು ಯಾರೂ ಹೇಳುವಂತಿಲ್ಲ. ಪೆನುಗೊಂಡೆಯ ಪಟಗಳಿವೆ. ಅವಿರುವವರೆಗೆ ಆದಿಗಂಗರೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಅನೇಕಾಂತಿಯು ಎರಡಕ್ಕೂ ತಲೆಬಾಗಬೇಕು.

ಉಪಸಂಹಾರ

ಹಾಗಾದರೆ ತಲಕಾಡಿನ ಜೈನ ಪರಂಪರೆ ಬಡವಾಯಿತೇ? ಎಷ್ಟೂ ಇಲ್ಲ. ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ ದೊರೆತ ತಾಮ್ರಪಟಗಳಲ್ಲಿ ಗಂಗ ಮಾಧವನೂ ಅವನ ಮಗ ಅವಿನೀತನೂ ಅರ್ಹದಾಯತನಗಳಿಗೆ ಕೊಟ್ಟ ದಾನಗಳಿವೆ; ವಿದ್ವಾಂಸರು ಅವುಗಳನ್ನು ಸಾಮಾನ್ಯವಾಗಿ ವಿಶ್ವಾಸಾರ್ಹವೆಂದು ಪರಿಗಣಿಸಿದ್ದಾರೆ. ಗಂಗರ ಶಾಸನಗಳನ್ನೆಲ್ಲ 1984ರಲ್ಲಿ ಡಾ. ಕೆ. ವಿ. ರಮೇಶ್ ಅವರು ಒಂದೆಡೆ ಸಂಪಾದಿಸಿಕೊಟ್ಟಿರುವುದರಿಂದ ಆಸಕ್ತರು ತಾವೇ ಓದಿ ತೂಗಿ ನೋಡಬಹುದು. ಗಂಗರ ಕೊನೆಯ ಕಾಲದಲ್ಲಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಬಾಹುಬಲಿಗೆ ಯಾವ ತಾಮ್ರಪಟದ ಆಸರೆಯೂ ಬೇಕಾಗಿಲ್ಲ. ಇಷ್ಟು ಗಟ್ಟಿಯಾದ ಆಸ್ತಿಯಿರುವಾಗ ಸಂದೇಹದ ಬಾಬೊಂದನ್ನು ಜಮೆಗೆ ತೋರಿಸಿ ಇಡೀ ಲೆಕ್ಕದ ಮೇಲೆ ಅಪನಂಬಿಕೆ ತಂದುಕೊಳ್ಳುವುದು ವ್ಯಾಪಾರಿಯ ಜಾಣತನವೂ ಅಲ್ಲ.

ನಮ್ಮ ಯುವಕರು ಈಗ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಗೆ ತೊಡಗುತ್ತಿರುವುದು ಸಂತೋಷದ ವಿಷಯ. ಅವರಲ್ಲಿ ನನ್ನ ವಿನಂತಿಯೊಂದೇ. ಪ್ರಬಂಧದ ಮೊದಲ ಪುಟದಲ್ಲಿ ನಿಮ್ಮ ಆರಂಭ ಶಿಲ್ಕನ್ನು ಬಿಚ್ಚಿ ಬರೆಯಿರಿ: ನಾನು ಯಾವುದನ್ನು ಮೊದಲೇ ನಂಬಿದ್ದೇನೆ, ಯಾವುದನ್ನು ಮೊದಲೇ ಸಂದೇಹಿಸಿದ್ದೇನೆ, ಯಾವ ಫಲಿತಾಂಶ ಬಂದರೆ ನನಗೆ ಸಂತೋಷ, ಯಾವುದು ಬಂದರೆ ಸಂಕಟ. ಕೊನೆಯದನ್ನು ಬರೆಯುವುದು ಕಷ್ಟ, ಬರೆಯಲೇಬೇಕಾದದ್ದು ಅದೇ. ಹಿರಿಯರಲ್ಲಿಯೂ ಒಂದು ವಿನಂತಿ. ಮನೆಯ ಮಕ್ಕಳು ಆಕ್ಷೇಪವನ್ನು ತಂದರೆ ಅವರನ್ನು ಧರ್ಮಕ್ಕೆ ಹೊರಗಿನವರಂತೆ ಕಾಣಬೇಡಿ. ಪರೀಕ್ಷೆಗೆ ಹೆದರದ ಧರ್ಮವನ್ನು ನಾವು ಪಡೆದಿದ್ದೇವೆ. ಹೆದರುವುದು ನಮ್ಮ ಅಭಿಮಾನ ಮಾತ್ರ.

ನನ್ನ ಹಿಂದಿನ ಲೇಖನದ ವಾಕ್ಯವನ್ನು ಇಲ್ಲಿ ತಿದ್ದುತ್ತೇನೆ. ತಲಕಾಡಿನಲ್ಲಿ ಶ್ರೀವಿಜಯ ಜಿನಾಲಯವಿತ್ತೆಂದು ಮಡಿಕೇರಿಯ ತಾಮ್ರಪಟಗಳು ಹೇಳುತ್ತವೆ. ಅವು ತಮ್ಮ ಕಾಲವನ್ನು ಶಕೆಯ ಹೆಸರಿಲ್ಲದ 388 ಎಂದು ಹೇಳಿಕೊಂಡರೂ, ಈಗಿನ ರೂಪದಲ್ಲಿ ಬಹುಶಃ 8ನೆಯ ಶತಮಾನಕ್ಕಿಂತ ಹಿಂದಿನವಲ್ಲ. ಮೂಲಪತ್ರವೊಂದು ಇದ್ದಿರಬಹುದು, ಇಲ್ಲದಿರಬಹುದು. ಈ ವಾಕ್ಯಗಳಿಗೆ ಚಪ್ಪಾಳೆ ಬೀಳುವುದಿಲ್ಲವೆಂಬುದು ನನಗೆ ಗೊತ್ತು. ಈ ಸಂಚಿಕೆ ಕೈಗೆ ಬಂದ ದಿನ ತಂಗಿಯ ಮಗಳಿಗೆ ಒಂದು ಪ್ರತಿಯನ್ನು ಕಳುಹಿಸಿಕೊಡುವೆನು. ತೂಗುವುದು ಅವಳಿಗೆ ಬಿಟ್ಟದ್ದು.